ಸರ್ವಿಸ್ ರೋಡಿಗೆ ತಕ್ಕ ಸೈಕಲ್

ಬೆಳಿಗ್ಗೆ 5 ಗಂಟೆಗೆ ಬೆಂಗಳೂರಿನ ಬನಶಂಕರಿಯಿಂದ ಸೈಕಲ್ಲಿನಲ್ಲಿ ಮೈಸೂರಿಗೆ ಹೊರಟು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ಕೂತೆ. ಚಮಚ ಹಿಡಿಯಲು ಆಗಲಿಲ್ಲ. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. ಮೈಸೂರು ಇನ್ನೂ 100 ಕಿ.ಮೀ. ಮೇಲಿತ್ತು. ಅವತ್ತು ಇಡ್ಲಿ ತಿಂದು ವಾಪಸ್ ಬಂದೆ.

ಆಗ ನನ್ನದು ಹೈಬ್ರಿಡ್ ಸೈಕಲ್, ಅಂದರೆ ರೇಸ್ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ನಡುವಿನದು. ಆಫೀಸಿಗೆ ಹೋಗಿಬರಲು ಚೆನ್ನಾಗಿತ್ತು. ಆದರೆ ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಒಂದೇ ಜಾಗ. ಗಂಟೆಗಟ್ಟಲೆ ಅಂಗೈಯ ಅದೇ ಭಾಗ ಒತ್ತುತ್ತಿದ್ದರೆ ನರ ಸುಮ್ನೆ ಇರುತ್ತದಾ? ಮುಂದಿನ ಸಸ್ಪೆನ್ಷನ್ ಬೇರೆ, ಏರಿನಲ್ಲಿ ಎದ್ದು ತುಳಿದಾಗಲೆಲ್ಲ ಕುಪ್ಪಳಿಸಿ ಶ್ರಮ ನುಂಗುತ್ತಿತ್ತು.

ಆಮೇಲೆ ಗೆಳೆಯನ ರೋಡ್ ಬೈಕ್ ತಂದೆ, ಅಂದರೆ ತೆಳು ಟೈರಿನ ರೇಸ್ ಸೈಕಲ್. 25 ಮಿ.ಮೀ. ಟೈರು, ಕಲ್ಲಿನಂತೆ ಗಾಳಿ. ನಂದಿ ಬೆಟ್ಟದ ದಾರಿಯಲ್ಲಿ ಹಾರಿಕೊಂಡು ಹೋಯಿತು. ಮೈಸೂರು ದಾರಿಯಲ್ಲಿ ಮಾತ್ರ ಸೊಂಟ ಬಿತ್ತು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ. ನಮ್ಮ ಪಾಲಿಗೆ ಉಳಿದದ್ದು ಸರ್ವಿಸ್ ರೋಡು, ಅದರ ಹಂಪುಗಳು, ಗುಂಡಿಗಳು. ಅಲ್ಲಿಗೆ ನನ್ನ ಲೆಕ್ಕವೇ ತಿರುಗಿತು. ದಾರಿಯ ಒಳ್ಳೆಯ ಭಾಗಕ್ಕಲ್ಲ, ಕೆಟ್ಟ ಭಾಗಕ್ಕೆ ಸೈಕಲ್ ಹುಡುಕಬೇಕು ಅಂದುಕೊಂಡೆ.

ಹಾಗಾಗಿ ಅಂಗಡಿಗೆ ಹೋದರೆ ಮೊದಲು ನೋಡುತ್ತಿದ್ದದ್ದು ಬಣ್ಣವನ್ನಲ್ಲ, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಮತ್ತು ಚಕ್ರದ ನಡುವಿನ ಜಾಗವನ್ನು. 35 ಮಿ.ಮೀ. ಟೈರು, ಮೇಲೆ ಮಡ್‌ಗಾರ್ಡ್ ಕೂರಬೇಕು. ಹಿಂದೆ ಕ್ಯಾರಿಯರ್ ಕಟ್ಟಲು ತೂತುಗಳಿರಬೇಕು. ಬೆನ್ನಿಗೆ ಬ್ಯಾಗ್ ಹಾಕಿಕೊಂಡು 100 ಕಿ.ಮೀ. ಹೋದವರಿಗೆ ಕಾರಣ ಹೇಳಬೇಕಿಲ್ಲ.

ಒಂದು ಅಂಗಡಿಯಲ್ಲಿ ನನ್ನ ಸೈಜ್ ಇರಲಿಲ್ಲ. 'ಒಂದು ಸೈಜ್ ದೊಡ್ಡದು ತಗೊಳ್ಳಿ ಸಾರ್, ಸೀಟು ಇಳಿಸಿಕೊಡ್ತೀನಿ' ಅಂದರು. ಸೀಟು ಇಳಿಸಿದರೆ ಹ್ಯಾಂಡಲ್ ಹತ್ತಿರ ಬರುತ್ತದಾ? ಕೈ ಚಾಚಿಕೊಂಡೇ ಹೋಗಬೇಕು, ಅಲ್ವಾ? ಬೇಡ ಅಂದೆ.

ಕೊನೆಗೆ ಸಿಕ್ಕಿದ್ದು ಉಕ್ಕಿನ ಫ್ರೇಮಿನ ಟೂರಿಂಗ್ ಸೈಕಲ್. ಹ್ಯಾಂಡಲ್ ಬಾಗಿದ್ದು, ಆದರೆ ಸೀಟಿನ ಎತ್ತರಕ್ಕೇ ಇದೆ. ಕೈಯನ್ನು ಮೂರು ಕಡೆ ಬದಲಿಸಬಹುದು. ಗೇರು ಮುಂದೆ 34 ಹಲ್ಲು, ಹಿಂದೆ 34. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ನಂದಿಯ ಏರಿನಲ್ಲಿ ಈಗ ಕೂತೇ ತುಳಿಯುತ್ತೇನೆ. ನನ್ನ ತೂಕ 72 ಕೆ.ಜಿ.; ಹಿಂದೆ 55, ಮುಂದೆ 50 ಪಿಎಸ್‌ಐ ಗಾಳಿ ಸಾಕು.

ಸೀಟಿನ ವಿಷಯದಲ್ಲಿ ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಮೋಸ ಹೋಗಿದ್ದೆ. ಮೆತ್ತನೆಯದರಲ್ಲಿ ಕೂರುವ ಮೂಳೆ ಹೂತು, ಭಾರವೆಲ್ಲ ನಡುವಿನ ಮೆದು ಭಾಗಕ್ಕೆ ಬೀಳುತ್ತದೆ. ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲು ಕತ್ತರಿಸಿ ಮೆಟ್ಟಿಲ ಮೇಲಿಟ್ಟು ಕೂತೆ. ಬಿದ್ದ ಎರಡು ಕುಳಿಗಳ ಅಂತರ ಅಳೆದು, ಅದಕ್ಕಿಂತ 2 ಸೆಂ.ಮೀ. ಅಗಲದ ಗಟ್ಟಿ ಸೀಟು ಕೊಂಡೆ. ಹೆಂಡತಿ ಇನ್ನೂ ನಗುತ್ತಾಳೆ.

ಸೈಕಲ್ ತೂಕ 13 ಕೆ.ಜಿ. ದಾರಿಯಲ್ಲಿ ಗೊತ್ತಾಗುವುದಿಲ್ಲ. ಆದರೆ ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೈಸೂರಿನಿಂದ ಬಂದ ರಾತ್ರಿ ಅದನ್ನು ಹೊತ್ತು ಹತ್ತುವಾಗ ಮಾತ್ರ ಗೆಳೆಯನ ರೋಡ್ ಬೈಕ್ ನೆನಪಾಗುತ್ತದೆ.