ಮನೆ ನೋಡುವಾಗ ಇಂಟರ್ನೆಟ್ ಕರಾರನ್ನೂ ಕೇಳಿ: ಉತ್ತರ ವರ್ಜೀನಿಯಾಕ್ಕೆ ಹೊಸದಾಗಿ ಬಂದವರಿಗೆ

ಮನೆ ನೋಡಲು ಹೋದಾಗ ಅಡುಗೆಮನೆ ಎಷ್ಟು ದೊಡ್ಡದು, ಬಾಗಿಲು ಪೂರ್ವಕ್ಕಿದೆಯಾ, ಯಾವ ಶಾಲೆಗೆ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಇಂಟರ್ನೆಟ್ ಯಾರದ್ದು, ಅದರ ಕರಾರು ಯಾವ ವರ್ಷ ಮುಗಿಯುತ್ತದೆ ಅಂತ ಕೇಳುವವರು ತೀರಾ ಕಡಿಮೆ. ನಾವೂ ಕೇಳಿರಲಿಲ್ಲ.

ಟೌನ್‌ಹೌಸ್ ಕೊಂಡು ಎರಡನೇ ತಿಂಗಳು ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಕಳಿಸುವ ಬಿಲ್ಲನ್ನು ನಾನು ಮೊದಲ ಸಲ ಗಮನವಿಟ್ಟು ಓದಿದೆ. ಕಸ, ಹಿಮ ತೆಗೆಯೋದು, ಈಜುಕೊಳ, ಅದರ ಕೆಳಗೆ ‘ಕಮ್ಯುನಿಕೇಷನ್ಸ್’ ಅಂತ ಒಂದು ಸಾಲು. ಮ್ಯಾನೇಜ್‌ಮೆಂಟ್ ಆಫೀಸಿಗೆ ಫೋನ್ ಮಾಡಿದರೆ, ಅದು ಇಂಟರ್ನೆಟ್ ಮತ್ತು ಟಿವಿಯ ದುಡ್ಡು, ಬಿಲ್ಡರ್ ಇದ್ದಾಗಲೇ ಆದ ಕರಾರು, ನೀವು ಬಳಸಿದರೂ ಕೊಡಬೇಕು, ಬಳಸದಿದ್ದರೂ ಕೊಡಬೇಕು ಅಂದರು. ಸರಿ, ಕೊಡೋಣ ಅಂದುಕೊಂಡೆವು. ಆದರೆ ಸಂಜೆ ಆಯಿತೆಂದರೆ ಅದು ನಡೆಯುತ್ತಲೇ ಇರಲಿಲ್ಲ. ರಾತ್ರಿ 9ಕ್ಕೆ ಹಾಸನದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತೇವೆ, ಅಲ್ಲಿ ಬೆಳಿಗ್ಗೆ ಆರೂವರೆ, ಅವರು ಕಾಫಿ ಲೋಟ ಹಿಡಿದುಕೊಂಡು ಕೂತಿರುತ್ತಾರೆ. ಚಿತ್ರ ನಿಂತುಬಿಡುತ್ತಿತ್ತು. ಲೋಟ ಬಾಯಿಗಿಟ್ಟ ಅಮ್ಮ ಹಾಗೇ ಉಳಿದುಬಿಡುತ್ತಿದ್ದರು, ಈ ಕಡೆ ಮಗಳು ‘ಅಜ್ಜೀ, ಅಜ್ಜೀ’ ಅಂತ ಕೂಗುತ್ತಿದ್ದಳು. ಬೇರೆ ಕಂಪನಿ ಹಾಕಿಸಿಕೊಳ್ಳುತ್ತೇವೆ ಅಂದರೆ ‘ಇಲ್ಲಿ ಬೇರೆಯವರಿಗೆ ಅವಕಾಶವಿಲ್ಲ’ ಅಂದರು. ನಾವು ನಂಬಿದೆವು. ಒಂದೂವರೆ ವರ್ಷ ನಂಬಿದೆವು. ಆ ಮಾತು ಪೂರ್ತಿ ನಿಜವಾಗಿರಲಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕೇಬಲ್‌ನವರಿಗೆ ಒಂದು ಫೋನ್ ಹಾಕಿದರೆ ಸಾಯಂಕಾಲದೊಳಗೆ ತಂತಿ ಎಳೆದುಕೊಂಡು ಬರುವುದನ್ನು ನೋಡಿ ಬಂದವರು ನಾವು. ಇಲ್ಲಿ ಹಾಗಲ್ಲ. ಹೊಸ ಬಡಾವಣೆ ಕಟ್ಟುವಾಗಲೇ, ರಸ್ತೆಗೆ ಡಾಂಬರು ಬೀಳುವ ಮೊದಲೇ, ನೆಲದೊಳಗೆ ಯಾರ ಕೇಬಲ್ ಹೋಗಬೇಕು ಅನ್ನುವುದು ಬಿಲ್ಡರ್ ಮತ್ತು ಒಂದು ಕಂಪನಿಯ ನಡುವೆ ತೀರ್ಮಾನವಾಗಿರುತ್ತದೆ. ಆಮೇಲೆ ಬಿಲ್ಡರ್ ಹೊರಟುಹೋಗುತ್ತಾನೆ, ಕರಾರು ಮಾತ್ರ ಮನೆ ಕೊಂಡವರ ತಲೆಯ ಮೇಲೆ ಉಳಿಯುತ್ತದೆ.

‘ಇಲ್ಲಿ ಈ ಕಂಪನಿ ಮಾತ್ರ’ ಅಂತ ಯಾರಾದರೂ ಹೇಳಿದರೆ, ಅದರ ಹಿಂದೆ ಮೂರು ಬೇರೆ ಬೇರೆ ವಿಷಯಗಳಲ್ಲಿ ಯಾವುದಾದರೂ ಇರಬಹುದು. ಈ ಮೂರನ್ನು ಬಿಡಿಸಿಕೊಂಡು ಕೇಳಿದರೆ ಅರ್ಧ ಕೆಲಸ ಆದಂತೆ.

ಮೊದಲನೆಯದು, ಬೇರೆ ಯಾವ ಕಂಪನಿಯೂ ಒಳಗೆ ಬರಬಾರದು ಅನ್ನುವ ಕರಾರು. ಕೇಬಲ್ ಕಂಪನಿಗಳು ಇಂಥ ಕರಾರು ಮಾಡಿಕೊಳ್ಳುವುದನ್ನೂ, ಹಳೆಯ ಕರಾರನ್ನು ಜಾರಿ ಮಾಡುವುದನ್ನೂ ಫೋನ್, ಕೇಬಲ್ ಕಂಪನಿಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2007ರಲ್ಲೇ ನಿಷೇಧಿಸಿತು. 2008ರಲ್ಲಿ ಟೆಲಿಫೋನ್ ಕಂಪನಿಗಳಿಗೂ ಅದೇ ನಿಯಮ ಬಂತು. ಕಂಪನಿಗಳ ಕಡೆಯವರು ಕೋರ್ಟಿಗೆ ಹೋದರು, 2009ರಲ್ಲಿ ಸೋತರು. ಅಪಾರ್ಟ್‌ಮೆಂಟ್ ಒಂದೇ ಅಲ್ಲ, ಗೇಟ್ ಇರುವ ಬಡಾವಣೆ, ಎಚ್‌ಒಎ ನಡೆಸುವ ಮನೆಗಳ ಗುಂಪು, ಎಲ್ಲವೂ ಇದರೊಳಗೆ ಬರುತ್ತವೆ. ಆದರೆ ಇದರ ಮಿತಿಯೂ ಗೊತ್ತಿರಲಿ. ಈ ನಿಯಮ ಕಟ್ಟಿಹಾಕುವುದು ಕಂಪನಿಯನ್ನು. ಅಪಾರ್ಟ್‌ಮೆಂಟ್ ಮಾಲೀಕರು ತಮ್ಮ ಇಷ್ಟದಿಂದಲೇ ಎರಡನೇ ಕಂಪನಿಗೆ ಬಾಗಿಲು ತೆರೆಯದಿದ್ದರೆ ಈ ನಿಯಮ ಹಿಡಿದು ತೆರೆಸಲು ಆಗುವುದಿಲ್ಲ. ಟಿವಿ, ಫೋನ್ ಇಲ್ಲದೆ ಬರೀ ಇಂಟರ್ನೆಟ್ ಕೊಡುವ ಕಂಪನಿಗಳೂ ಎಷ್ಟೋ ಸಲ ಇದರಿಂದ ತಪ್ಪಿಸಿಕೊಳ್ಳುತ್ತವೆ.

ಎರಡನೆಯದು ಬರೀ ಪ್ರಚಾರದ ಕರಾರು. ಲೀಸಿಂಗ್ ಆಫೀಸಿನವರು ಒಂದೇ ಕಂಪನಿಯ ಬಣ್ಣದ ಕಾಗದ ಕೈಗಿಡುತ್ತಾರೆ, ಅದಕ್ಕೆ ಅವರಿಗೆ ದುಡ್ಡು ಸಿಗುತ್ತದೆ. ಇದು ಕಾನೂನಿಗೆ ವಿರುದ್ಧವಲ್ಲ, ಆದರೆ ಇಂಥ ಕರಾರು ಇದೆ ಅಂತ ಆ ಕಾಗದದಲ್ಲೇ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಅಂತ 2022ರಲ್ಲಿ ಎಫ್‌ಸಿಸಿ ನಿಯಮ ಮಾಡಿತು. ಹಾಗಾಗಿ ಕಾಗದದ ಕೆಳಗಿನ ಸಣ್ಣ ಅಕ್ಷರ ಓದಿ. ಪ್ರಚಾರ ಒಬ್ಬರದ್ದೇ ಇದ್ದರೂ ಗೋಡೆಯೊಳಗೆ ಇನ್ನೊಬ್ಬರ ಕೇಬಲ್ ಇರುವುದು ಮಾಮೂಲು.

ಮೂರನೆಯದು ಬಲ್ಕ್ ಬಿಲ್ಲಿಂಗ್. ನಮಗೆ ಬಿದ್ದ ಪೆಟ್ಟು ಇದೇ. ಎಚ್‌ಒಎ ಇಡೀ ಬಡಾವಣೆಗೆ ಒಟ್ಟಿಗೆ ಇಂಟರ್ನೆಟ್ ಕೊಂಡು ಎಲ್ಲರ ಬಿಲ್ಲಿಗೂ ಹಂಚುತ್ತದೆ. ಇದಕ್ಕೆ ಕಾನೂನಿನ ತಡೆ ಇಲ್ಲ. ಬೇಡ ಅನ್ನುವವರಿಗೆ ಬಿಟ್ಟುಹೋಗುವ ಹಕ್ಕು ಕೊಡಬೇಕು ಅಂತ 2024ರ ಮಾರ್ಚ್‌ನಲ್ಲಿ ಆಗಿನ ಎಫ್‌ಸಿಸಿ ಅಧ್ಯಕ್ಷೆ ಜೆಸಿಕಾ ರೋಸೆನ್‌ವರ್ಸೆಲ್ ಪ್ರಸ್ತಾಪ ಮುಂದಿಟ್ಟಿದ್ದರು. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷ ಬ್ರೆಂಡನ್ ಕಾರ್ ಅದನ್ನು ಕೈಬಿಟ್ಟರು. ಒಟ್ಟಿಗೆ ಕೊಂಡರೆ ಎಲ್ಲರಿಗೂ ಅಗ್ಗ ಅನ್ನುವುದು ಅವರ ವಾದ. ಕೆಲವು ಕಡೆ ಅದು ನಿಜವೂ ಹೌದು, ನಮ್ಮ ಕನ್ನಡ ಕೂಟದಲ್ಲೇ ಬಲ್ಕ್ ಕರಾರಿನಿಂದ ಖುಷಿಯಾಗಿರುವ ಮನೆಗಳಿವೆ. ಆದರೆ ಆಯ್ಕೆ ಇಲ್ಲದೆ ಕೊಡುವ ದುಡ್ಡು ಬೇರೆ, ಅಗ್ಗ ಅಂತ ಆರಿಸಿಕೊಂಡು ಕೊಡುವ ದುಡ್ಡು ಬೇರೆ ಅಲ್ವಾ? ಒಂದು ಮಾತ್ರ ನೆನಪಿರಲಿ: ಬಲ್ಕ್ ದುಡ್ಡು ಕಟ್ಟುತ್ತಿದ್ದೀರಿ ಅನ್ನುವ ಕಾರಣಕ್ಕೆ ಇನ್ನೊಂದು ಕಂಪನಿಯ ಸಂಪರ್ಕ ತೆಗೆದುಕೊಳ್ಳಬಾರದು ಅಂತೇನಿಲ್ಲ. ಎರಡು ಕಡೆ ದುಡ್ಡು ಕಟ್ಟಬೇಕಾಗುತ್ತದೆ, ಅದೇ ಸಂಕಟ.

ನಮ್ಮ ಲೌಡನ್ ಕೌಂಟಿಯಲ್ಲೇ ಈ ವಿಷಯಕ್ಕೆ ದೊಡ್ಡ ಜಗಳ ಆಗಿದೆ. ಲ್ಯಾನ್ಸ್‌ಡೌನ್ ಆನ್ ದಿ ಪೊಟೋಮ್ಯಾಕ್ ಅನ್ನುವ ಬಡಾವಣೆ ನಿಮಗೆ ಗೊತ್ತಿರಬಹುದು. ಅದನ್ನು ಕಟ್ಟುವಾಗ ಡೆವಲಪರ್ ಓಪನ್‌ಬ್ಯಾಂಡ್ ಅನ್ನುವ ಕಂಪನಿಯ ಜೊತೆ ಕರಾರು ಮಾಡಿದ್ದರು. ಕೇಬಲ್ ಹಾಕುವ ನೆಲದ ಹಕ್ಕು ಕೂಡ ಆ ಕಂಪನಿಗೇ, ಹಾಗಾಗಿ ಬೇರೆಯವರು ನೆಲ ಅಗೆಯುವ ಹಾಗೇ ಇರಲಿಲ್ಲ. ಮನೆಯವರ ಸಂಘ ಕೋರ್ಟಿಗೆ ಹೋಯಿತು. 2013ರಲ್ಲಿ 4ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್, ಇದು ಎಫ್‌ಸಿಸಿಯ ನಿಷೇಧಕ್ಕೆ ವಿರುದ್ಧ ಅಂತ ಮನೆಯವರ ಪರವಾಗಿ ತೀರ್ಪು ಎತ್ತಿಹಿಡಿಯಿತು. ಅದೇ ವರ್ಷ ಅದೇ ಕೋರ್ಟಿನಲ್ಲಿ, ಅದೇ ಕಂಪನಿಯ ಮೇಲೆ ಬ್ರಾಡ್‌ಲ್ಯಾಂಡ್ಸ್‌ನ ಸೌದರ್ನ್ ವಾಕ್ ಸಂಘ ಹಾಕಿದ್ದ ದಾವೆ ನಿಲ್ಲಲಿಲ್ಲ. ಸಂಘಕ್ಕೆ ಸ್ವತಃ ಏನು ಹಾನಿಯಾಯಿತು ಅನ್ನುವುದನ್ನು ಅವರು ದಾವೆಯಲ್ಲಿ ಸರಿಯಾಗಿ ತೋರಿಸಿರಲಿಲ್ಲ. ಎರಡೂ ಬಡಾವಣೆ ಕೆಲವೇ ಮೈಲಿ ದೂರ. ಹಾಗಾಗಿ ಸಂಘದ ಜೊತೆ ಮಾತಾಡುವಾಗಲೂ, ದೂರು ಬರೆಯುವಾಗಲೂ, ಯಾರಿಗೆ ಏನು ನಷ್ಟವಾಯಿತು ಅನ್ನುವುದನ್ನು ತಾರೀಕು ಹಾಕಿ ಬರೆದಿಡಿ. ನಾನು ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೆ. ಇಂಟರ್ನೆಟ್ ಹೋದ ದಿನ, ಗಂಟೆ, ಎಷ್ಟು ಹೊತ್ತು, ಯಾವ ಕೆಲಸ ಕೆಟ್ಟಿತು, ಇಷ್ಟೇ. ಆ ಹಾಳೆ ಬಹಳ ಉಪಯೋಗಕ್ಕೆ ಬಂತು.

ಈಗ ಮನೆ ಕೊಳ್ಳುವವರಿಗೆ. ವರ್ಜೀನಿಯಾದಲ್ಲಿ ಎಚ್‌ಒಎ ಇರುವ ಹಳೆಯ ಮನೆ ಕೊಳ್ಳುವಾಗ ರಿಸೇಲ್ ಸರ್ಟಿಫಿಕೇಟ್ ಅಂತ ಒಂದು ಕಂತೆ ಕಾಗದ ಬರುತ್ತದೆ. ಅದು ಕೈಗೆ ಬಂದ ಮೇಲೆ ಖರೀದಿಯನ್ನು ರದ್ದು ಮಾಡಲು ಸಾಮಾನ್ಯವಾಗಿ 3 ದಿನ ಇರುತ್ತದೆ, ಖರೀದಿ ಕರಾರಿನಲ್ಲಿ ಬರೆಸಿಕೊಂಡರೆ 7 ದಿನದವರೆಗೂ ಸಿಗುತ್ತದೆ. ಕಂತೆ ದಪ್ಪ ಅಂತ ಪಕ್ಕಕ್ಕಿಡಬೇಡಿ. ಬಜೆಟ್ ಹಾಳೆ ತೆಗೆದು ಇಂಟರ್ನೆಟ್, ಕೇಬಲ್, ಟೆಲಿಕಾಂ, ಕಮ್ಯುನಿಕೇಷನ್ಸ್ ಅನ್ನುವ ಪದ ಹುಡುಕಿ. ಸಿಕ್ಕರೆ ರಿಯಲ್ಟರ್ ಮೂಲಕ ಬರಹದಲ್ಲಿ ಕೇಳಿ: ತಿಂಗಳಿಗೆ ಎಷ್ಟು, ಯಾವ ವೇಗ, ವರ್ಷಕ್ಕೆ ಎಷ್ಟು ಏರುತ್ತದೆ, ಕರಾರು ಯಾವಾಗ ಮುಗಿಯುತ್ತದೆ, ತಾನಾಗೇ ಮುಂದುವರಿಯುತ್ತದೆಯಾ. ಬಾಯಿಮಾತಿನ ಉತ್ತರ ಸಾಲದು. ಹೊಸ ಮನೆಯಾದರೆ ಸೇಲ್ಸ್ ಆಫೀಸಿನಲ್ಲೇ, ಮುಂಗಡ ಕೊಡುವ ಮೊದಲೇ ಇದನ್ನೆಲ್ಲ ಕೇಳಿ.

ಜೊತೆಗೆ ಎಫ್‌ಸಿಸಿಯ ಬ್ರಾಡ್‌ಬ್ಯಾಂಡ್ ಮ್ಯಾಪ್‌ನಲ್ಲಿ ಆ ಮನೆಯ ವಿಳಾಸ ಹಾಕಿ ನೋಡಿ. ಯಾವ ಯಾವ ಕಂಪನಿ ಸೇವೆ ಕೊಡುತ್ತೇವೆ ಅಂತ ಹೇಳಿಕೊಂಡಿವೆ ಅನ್ನುವುದು ಗೊತ್ತಾಗುತ್ತದೆ. ಅಲ್ಲಿ ಕಂಡ ಕಂಪನಿಗೆ ನೀವೇ ಫೋನ್ ಮಾಡಿ. ನಮ್ಮ ವಿಷಯದಲ್ಲಿ ಆದದ್ದು ಇದೇ. ‘ಅವಕಾಶವಿಲ್ಲ’ ಅಂದಿದ್ದ ಬಡಾವಣೆಯಲ್ಲಿ ಇನ್ನೊಂದು ಕಂಪನಿಯ ಕೇಬಲ್ ನಮ್ಮ ಹಿತ್ತಲ ಬೇಲಿಯ ಪಕ್ಕದ ಹಸಿರು ಡಬ್ಬಿಯವರೆಗೂ ಬಂದಿತ್ತು. ಕೆಲಸಕ್ಕೆ ಬಂದ ಹುಡುಗ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತೋರಿಸಿದ. ಅಲ್ಲಿಂದ ಮನೆಗೆ 40 ಅಡಿಯೂ ಇರಲಿಲ್ಲ.

ಬಾಡಿಗೆಗೆ ಇರುವವರು ಲೀಸ್‌ಗೆ ಸಹಿ ಹಾಕುವ ಮೊದಲು ಬಾಡಿಗೆಯ ಮೇಲೆ ‘ಟೆಕ್ನಾಲಜಿ ಪ್ಯಾಕೇಜ್’ ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ತೆಗೆಯಲು ಕೇಳಿ. ಕೇಳಿದರೆ ಕೆಲವರು ತೆಗೆಯುತ್ತಾರೆ, ಕೇಳದಿದ್ದರೆ ಯಾರೂ ತೆಗೆಯುವುದಿಲ್ಲ.

ಆಗಲೇ ಸಿಕ್ಕಿಹಾಕಿಕೊಂಡಿದ್ದರೂ ದಾರಿಗಳಿವೆ. ಮೊಬೈಲ್ ಕಂಪನಿಗಳು ಕೊಡುವ 5ಜಿ ಹೋಮ್ ಇಂಟರ್ನೆಟ್‌ಗೆ ತಂತಿಯೇ ಬೇಡ, ಪೆಟ್ಟಿಗೆಯನ್ನು ಕಿಟಕಿ ಪಕ್ಕ ಇಟ್ಟರೆ ಆಯಿತು, ಯಾರ ಅಪ್ಪಣೆಯೂ ಬೇಕಿಲ್ಲ. ಡಿಶ್ ಅಥವಾ ಆಂಟೆನಾ ಹಾಕುವುದಾದರೆ, 1996ರ ಟೆಲಿಕಾಂ ಕಾಯ್ದೆಯ ಆಧಾರದ ಮೇಲೆ ಎಫ್‌ಸಿಸಿ ಮಾಡಿದ ನಿಯಮ ನಿಮ್ಮ ಪರವಾಗಿದೆ: 1 ಮೀಟರ್ ಒಳಗಿನ ಡಿಶ್ಶನ್ನು ನಿಮ್ಮ ಸ್ವಂತ ಬಳಕೆಯ ಜಾಗದಲ್ಲಿ, ಅಂದರೆ ನಿಮ್ಮದೇ ಬಾಲ್ಕನಿ ಅಥವಾ ಹಿತ್ತಲಲ್ಲಿ ಹಾಕುವುದನ್ನು ಎಚ್‌ಒಎ ಸುಮ್ನೆ ತಡೆಯುವ ಹಾಗಿಲ್ಲ. ಬಾಡಿಗೆಯವರಿಗೂ ಇದು ಸಲ್ಲುತ್ತದೆ. ಎಲ್ಲರಿಗೂ ಸೇರಿದ ಛಾವಣಿ, ಹೊರಗೋಡೆ ಇದರಲ್ಲಿ ಬರುವುದಿಲ್ಲ, ಟೌನ್‌ಹೌಸಿನವರು ಛಾವಣಿ ಯಾರದ್ದು ಅಂತ ಮೊದಲು ವಿಚಾರಿಸಿ.

ಕಂಪನಿಯ ಮೇಲೆ ದೂರಿದ್ದರೆ ಎಫ್‌ಸಿಸಿಗೆ ಆನ್‌ಲೈನಿನಲ್ಲಿ ಬರೆಯಿರಿ. ದುಡ್ಡು ಬೇಡ, ವಕೀಲರೂ ಬೇಡ, ದೂರು ಕಂಪನಿಗೆ ಹೋದ ಮೇಲೆ 30 ದಿನದೊಳಗೆ ಅವರು ಉತ್ತರ ಕೊಡಬೇಕು. ವೀಸಾದಲ್ಲಿದ್ದೇವೆ, ದೂರು ಕೊಟ್ಟರೆ ಏನಾದರೂ ಆಗುತ್ತದಾ ಅಂತ ನಮ್ಮವರು ಹೆದರುವುದನ್ನು ನೋಡಿದ್ದೇನೆ. ಇದು ಗ್ರಾಹಕರ ದೂರು ಅಷ್ಟೇ, ದುಡ್ಡು ಕಟ್ಟುವ ಯಾರು ಬೇಕಾದರೂ ಕೊಡಬಹುದು.

ಎಚ್‌ಒಎ ವಿಷಯಕ್ಕೆ ಬಂದರೆ, ಮನೆಯ ಮಾಲೀಕರಾಗಿ ಸಂಘದ ದಾಖಲೆ ನೋಡುವ ಹಕ್ಕು ನಿಮಗಿದೆ. ಕಾರಣ ಬರೆದು ಪತ್ರ ಕೊಡಬೇಕು. ಮ್ಯಾನೇಜ್‌ಮೆಂಟ್ ಕಂಪನಿ ನಡೆಸುವ ಸಂಘವಾದರೆ 5 ಕೆಲಸದ ದಿನ ಮೊದಲು, ತಾವೇ ನಡೆಸಿಕೊಳ್ಳುವ ಸಂಘವಾದರೆ 10 ಕೆಲಸದ ದಿನ ಮೊದಲು ಪತ್ರ ತಲುಪಿರಬೇಕು. ಇನ್ನೂ ಮಾತುಕತೆಯಲ್ಲಿರುವ ಕರಾರನ್ನು ತೋರಿಸದೇ ಇರಬಹುದು, ಸಹಿ ಆದದ್ದನ್ನು ಕೇಳಿ. ಕರಾರು ಕೈಗೆ ಬಂದಾಗ ಮೊದಲು ಕೊನೆಯ ಪುಟಗಳಿಗೆ ಹೋಗಿ, ಅದು ಮುಗಿಯುವ ತಾರೀಕು ಮತ್ತು ಬೇಡ ಅಂತ ಎಷ್ಟು ತಿಂಗಳು ಮೊದಲು ತಿಳಿಸಬೇಕು ಅನ್ನುವ ಸಾಲು ಹುಡುಕಿ. ಆ ತಾರೀಕು ತಪ್ಪಿದರೆ ಕರಾರು ಮತ್ತೆ ವರ್ಷಗಟ್ಟಲೆ ಎಳೆಯುತ್ತದೆ. ಬೋರ್ಡ್ ಮೀಟಿಂಗಿಗೆ ಹೋಗಿ ಆ ತಾರೀಕನ್ನು ಎಲ್ಲರ ಮುಂದೆ ಓದಿ, ಮಿನಿಟ್ಸ್‌ನಲ್ಲಿ ಬರೆಸಿ. ನಾನು ಮೊದಲ ಸಲ ಹೋದಾಗ ಅಲ್ಲಿ ಕೂತಿದ್ದವರು 7 ಜನ, ಬಡಾವಣೆಯಲ್ಲಿ 300ಕ್ಕಿಂತ ಜಾಸ್ತಿ ಮನೆಗಳಿವೆ. ಆ 7 ಜನರಲ್ಲಿ ಇಬ್ಬರಿಗೆ ಮಾತ್ರ ಕರಾರು ಇದೆ ಅಂತ ಗೊತ್ತಿತ್ತು.

ಕರಾರಿನ ಪ್ರತಿ ಸಿಕ್ಕಿ ಅರ್ಥವಾಗದಿದ್ದರೆ ಭಾನುವಾರ ಮಕ್ಕಳನ್ನು ಕನ್ನಡ ತರಗತಿಗೆ ಬಿಡಲು ಬಂದಾಗ ಜೊತೆಗೆ ತನ್ನಿ. ತರಗತಿ ಮುಗಿಯುವವರೆಗೂ ನಾವು ಕೆಲವರು ಹೊರಗಿನ ಮೇಜಿನ ಹತ್ತಿರವೇ ಇರುತ್ತೇವೆ, ಕೂತು ಒಟ್ಟಿಗೆ ಓದೋಣ.