ಲ್ಯಾಬ್‌ಗೆ ವಿಎಂ ಸೇರಿಸಿದ್ದು, ಹುಡುಗರಿಗೆ ಹಂಚಿದ್ದು

ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಬ್‌ನ ಡೆಸ್ಕ್‌ಟಾಪ್‌ಗಳು ಹಳೆಯವು, ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಭಾರ ತಡೆಯಲ್ಲ. ಅದಕ್ಕೆ ಒಂದು ಸರ್ವರ್‌ಗೆ ಪ್ರಾಕ್ಸ್‌ಮಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ, ಎಲ್ಲರಿಗೂ ಅದರಲ್ಲೇ ವಿಎಂ (ವರ್ಚುವಲ್ ಮಷೀನ್, ಅಂದರೆ ಸರ್ವರ್‌ನೊಳಗೆ ಬೇರೆ ಕಂಪ್ಯೂಟರಿನಂತೆ ಓಡುವಂಥದ್ದು) ಕೊಡುತ್ತಿದ್ದೇನೆ. ಪ್ರಾಕ್ಸ್‌ಮಾಕ್ಸ್ ಡೆಬಿಯನ್ ಲಿನಕ್ಸ್ ಮೇಲೆ ಓಡುತ್ತದೆ, ವಿಎಂ ಓಡಿಸಲು ಒಳಗಿರುವುದು ಲಿನಕ್ಸ್‌ನದೇ ಕೆವಿಎಂ, ದುಡ್ಡು ಕೊಡದೆಯೂ ಬಳಸಬಹುದು. ಬ್ರೌಸರ್‌ನಲ್ಲಿ ಆ ಸರ್ವರ್‌ನ 8006 ಪೋರ್ಟ್ ತೆರೆದರೆ ಎಲ್ಲ ಕೆಲಸವೂ ಅಲ್ಲೇ ಆಗುತ್ತದೆ.

ವಿಎಂ ಸೇರಿಸುವುದು ಸುಲಭ. ಯಾರಿಗೆ ಯಾವುದನ್ನು ಕೊಡಬೇಕು, ಅದರಲ್ಲಿ ಅವರು ಏನೇನು ಮಾಡಬಹುದು ಅನ್ನುವುದಕ್ಕೆ ತಲೆ ಜಾಸ್ತಿ ಓಡಿಸಬೇಕು.

ಮೊದಲು ಒಂದೇ ಒಂದು ಉಬುಂಟು ವಿಎಂ ಮಾಡಿ, ಸಿಲಬಸ್‌ಗೆ ಬೇಕಾದ ಪೈಥಾನ್, ಜಾವಾ, ಮೈಎಸ್‌ಕ್ಯೂಎಲ್ ಎಲ್ಲ ಹಾಕುತ್ತೇನೆ. ವಿಎಂ ಒಳಗಿನ ಮಾಹಿತಿಯನ್ನು ಪ್ರಾಕ್ಸ್‌ಮಾಕ್ಸ್‌ಗೆ ತಿಳಿಸುವ ಕ್ಯೂಇಎಂಯು ಗೆಸ್ಟ್ ಏಜೆಂಟನ್ನೂ ಹಾಕಿಬಿಡಿ, ಪ್ರತಿ ವಿಎಂನ ಐಪಿ (ನೆಟ್‌ವರ್ಕ್ ವಿಳಾಸ) ಪರದೆಯ ಮೇಲೇ ಕಾಣುತ್ತದೆ. ಆಮೇಲೆ ಅದನ್ನು ಟೆಂಪ್ಲೇಟ್ (ಕ್ಲೋನ್, ಅಂದರೆ ನಕಲು ತೆಗೆಯುವ ಅಚ್ಚು) ಮಾಡುವುದು. ಟೆಂಪ್ಲೇಟನ್ನು ಮತ್ತೆ ವಿಎಂ ಮಾಡಲು ಮೆನುವಿನಲ್ಲಿ ದಾರಿಯಿಲ್ಲ. ಆದ್ದರಿಂದ ಅದಕ್ಕೂ ಮುಂಚೆ ಒಂದು ಕೆಲಸ ಮುಗಿಸಲೇಬೇಕು.

ಅದು ಮಷೀನ್-ಐಡಿ, ಅಂದರೆ ಪ್ರತಿ ಲಿನಕ್ಸ್ ಮಷೀನ್‌ಗೂ ಇರುವ ಗುರುತಿನ ಸಂಖ್ಯೆ, ಖಾಲಿ ಮಾಡುವುದು. ಹಿಂದಿನಿಂದ ಬಂದಿದ್ದ ಒಂದು ಟೆಂಪ್ಲೇಟಿನಲ್ಲಿ ಇದನ್ನು ಯಾರೂ ಮುಟ್ಟಿರಲಿಲ್ಲ. ಒಬ್ಬ ಹುಡುಗಿ ಬಂದು, "ಸರ್, ನಮ್ಮ ಮಷೀನ್‌ಗೆ ಲಾಗಿನ್ ಆದ್ರೆ ಪಕ್ಕದ ಬ್ಯಾಚ್‌ನವರ ಫೋಲ್ಡರ್ ಬರ್ತಿದೆ" ಅಂದಳು. ಎರಡೂ ವಿಎಂಗಳ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಬೇರೆ ಬೇರೆ, ಏಕೆಂದರೆ ಕ್ಲೋನ್ ಮಾಡುವಾಗ ಪ್ರಾಕ್ಸ್‌ಮಾಕ್ಸ್ ಅದನ್ನು ತಾನೇ ಬದಲಿಸುತ್ತದೆ. ಆದರೂ ಐಪಿ ಒಂದೇ! ಉಬುಂಟು ಸರ್ವರ್, ಐಪಿ ಹಂಚುವ ಡಿಎಚ್‌ಸಿಪಿ ಹತ್ತಿರ ಐಪಿ ಕೇಳುವಾಗ ಮ್ಯಾಕ್ ಬದಲು ಮಷೀನ್-ಐಡಿಯಿಂದ ಹುಟ್ಟಿದ ಗುರುತನ್ನು ತೋರಿಸುತ್ತದೆ. ಎಲ್ಲ ಕ್ಲೋನ್‌ಗಳಿಗೂ ಅದೇ ಗುರುತು ಇದ್ದರೆ ಡಿಎಚ್‌ಸಿಪಿಗೆ ಅವೆಲ್ಲ ಒಂದೇ ಮಷೀನ್. ಇಟಿಸಿ ಫೋಲ್ಡರ್ ಒಳಗಿನ ಮಷೀನ್-ಐಡಿ ಫೈಲನ್ನು ಅಳಿಸಬೇಡಿ, ಒಳಗಿರುವುದನ್ನು ಖಾಲಿ ಮಾಡಿ. ಮುಂದಿನ ಸಲ ಆನ್ ಆದಾಗ ಪ್ರತಿ ಕ್ಲೋನೂ ಹೊಸದನ್ನು ತಾನೇ ಬರೆದುಕೊಳ್ಳುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಹೋಸ್ಟ್ ಕೀಗಳೂ (ಮಷೀನ್‌ನ ಗುರುತಿನ ಕೀಗಳು) ಹಂಗೇ. ಟೆಂಪ್ಲೇಟಿನಲ್ಲಿ ತೆಗೆದು, ಕ್ಲೋನ್‌ನಲ್ಲಿ ಹೊಸದಾಗಿ ಮಾಡಿಸಬೇಕು.

ಕ್ಲೋನ್‌ನಲ್ಲಿ ಎರಡು ಬಗೆ. ಲಿಂಕ್ಡ್ ಕ್ಲೋನ್ ಕ್ಷಣದಲ್ಲಿ ಆಗುತ್ತದೆ, ಡಿಸ್ಕ್ ಕಮ್ಮಿ ತಿನ್ನುತ್ತದೆ, ಆದರೆ ಟೆಂಪ್ಲೇಟಿಗೆ ಅಂಟಿಕೊಂಡೇ ಇರುತ್ತದೆ. ಫುಲ್ ಕ್ಲೋನ್ ಹಂಗಲ್ಲ, ಸ್ವತಂತ್ರ. ವಾರಕ್ಕೊಮ್ಮೆ ಲ್ಯಾಬ್‌ಗೆ ಬರುವ ಜೂನಿಯರ್‌ಗಳಿಗೆ ನಾನು ಲಿಂಕ್ಡ್ ಕೊಡುತ್ತೇನೆ, ಕ್ಲಾಸ್ ಮುಗಿದ ಮೇಲೆ ಸ್ನ್ಯಾಪ್‌ಶಾಟ್‌ಗೆ, ಅಂದರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ, ವಾಪಸ್. ಪ್ರಾಜೆಕ್ಟ್ ಮಾಡುವವರದು ತಿಂಗಳುಗಟ್ಟಲೆ ಕೆಲಸ, ಅವರಿಗೆ ಫುಲ್ ಕ್ಲೋನೇ ಸರಿ.

ಇನ್ನು ಹಂಚುವುದು. ಒಬ್ಬೊಬ್ಬರಿಗೂ ಒಂದೊಂದು ವಿಎಂ ಮೇಲೆ ಪರ್ಮಿಷನ್ ಹಾಕುತ್ತಾ ಕೂತರೆ ಸೆಮಿಸ್ಟರ್ ಮಧ್ಯೆ ಯಾರ ಕೈಯಲ್ಲಿ ಏನಿದೆ ಅಂತಲೇ ತಿಳಿಯಲ್ಲ. ಹಾಗಾಗಿ ಪ್ರತಿ ಪ್ರಾಜೆಕ್ಟ್ ಬ್ಯಾಚಿಗೆ ಒಂದು ಪೂಲ್ (ವಿಎಂಗಳ ಗುಂಪು), ಒಂದು ಗ್ರೂಪ್ (ಯೂಸರ್‌ಗಳ ಗುಂಪು). ಆ ಗ್ರೂಪಿಗೆ ಆ ಪೂಲ್ ಮೇಲೆ ಪಿವಿಇ-ವಿಎಂ-ಯೂಸರ್ ಅನ್ನುವ ರೋಲ್ (ಪರ್ಮಿಷನ್‌ಗಳ ಕಟ್ಟು). ಆನ್, ಆಫ್, ಕನ್ಸೋಲ್ ಅವರೇ ಮಾಡಿಕೊಳ್ಳಬಹುದು. ರ‍್ಯಾಮ್ ಏರಿಸುವುದಕ್ಕೋ ವಿಎಂ ಅಳಿಸುವುದಕ್ಕೋ ಆಗಲ್ಲ. ಹೊಸ ವಿಎಂ ಬೇಕಾದರೆ ಪೂಲ್‌ಗೆ ಸೇರಿಸಿದರೆ ಸಾಕು, ಪರ್ಮಿಷನ್ ತಾನಾಗಿ ಬರುತ್ತದೆ. ಇಡೀ ಕ್ಲಾಸಿಗೆ ಒಂದೇ ಪೂಲ್ ಮಾತ್ರ ಬೇಡ. ಒಬ್ಬರು ಇನ್ನೊಬ್ಬರ ಮಷೀನ್ ಆಫ್ ಮಾಡಬಹುದು, ವೈವಾ ಹಿಂದಿನ ದಿನ ಹಂಗಾದರೆ ಆ ಮಕ್ಕಳ ಗತಿ ಏನು? ಜೂನಿಯರ್‌ಗಳಿಗೆ ಈ ವೆಬ್ ಲಾಗಿನ್ನೇ ಕೊಡಲ್ಲ, ಎಸ್‌ಎಸ್‌ಎಚ್ ಸಾಕು.

ಯೂಸರ್ ಹೆಸರಿಗೆ ಯುಎಸ್‌ಎನ್ ಇಡುತ್ತೇನೆ. ವಿಟಿಯು ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೂ ಕೊಟ್ಟ ನಂಬರ್, ಇಬ್ಬರಿಗೆ ಒಂದೇ ಆಗುವ ಮಾತೇ ಇಲ್ಲ. ನಮ್ಮ ಮೈಸೂರು ಭಾಗದವು 4ರಿಂದ ಶುರುವಾಗುತ್ತವೆ, ಸೇರಿದ ವರ್ಷ, ಬ್ರ್ಯಾಂಚ್ ಎಲ್ಲ ಅದರಲ್ಲೇ ಇರುತ್ತದೆ.

ಕರೆಂಟ್ ವಿಚಾರ ಮರೆಯಬೇಡಿ. ಯುಪಿಎಸ್ ಕೈಕೊಟ್ಟು ಸರ್ವರ್ ಮತ್ತೆ ಎದ್ದಾಗ ಎಲ್ಲ ವಿಎಂಗಳೂ ಒಟ್ಟಿಗೆ ಡಿಸ್ಕ್ ಮೇಲೆ ಬಿದ್ದರೆ ಯಾವುದೂ ಬೇಗ ಏಳಲ್ಲ. ಪ್ರತಿ ವಿಎಂನ ಆಪ್ಷನ್ಸ್‌ನಲ್ಲಿ ಸ್ಟಾರ್ಟ್ ಆರ್ಡರ್, ಡಿಲೇ ಇವೆ. ಡೇಟಾಬೇಸ್ ಇರುವುದಕ್ಕೆ ಮೊದಲ ಸರದಿ ಕೊಟ್ಟು, ಉಳಿದವಕ್ಕೆ ನಡುವೆ ಸ್ವಲ್ಪ ಬಿಡುವು ಇಡುತ್ತೇನೆ.

ಅಕೌಂಟ್ ಮಾಡುವಾಗಲೇ ಎಕ್ಸ್‌ಪೈರ್ ತಾರೀಖು ಹಾಕುತ್ತೇನೆ, ಎಕ್ಸ್‌ಟರ್ನಲ್ ವೈವಾ ಮುಗಿದು ಕೆಲವು ವಾರಗಳ ಆಚೆಗೆ. ಅಷ್ಟರಲ್ಲಿ ಹುಡುಗರು ತಮ್ಮ ಕೋಡ್ ತೆಗೆದುಕೊಂಡಿರುತ್ತಾರೆ. ಆಮೇಲೆ ಒಂದು ಬ್ಯಾಕಪ್ ತೆಗೆದು, ವಿಎಂ ಅಳಿಸಿ, ಪೂಲನ್ನು ಮುಂದಿನ ಬ್ಯಾಚಿಗೆ ಖಾಲಿ ಇಡುತ್ತೇನೆ.