ಚಕ್ರಕ್ಕೆ ಓಡಾಡೋಕೆ ಜಾಗ ಕೊಟ್ಟೆ: ನನ್ನ ಪೋಲೋ ಸಸ್ಪೆನ್ಷನ್ ಅನುಭವ

ಹೋದ ಶ್ರಾವಣದ ಒಂದು ಶುಕ್ರವಾರ ಅಮ್ಮನನ್ನು ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಕರೆದುಕೊಂಡು ಹೋಗಿದ್ದೆ. ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಿಂದ ಕೊರಟಗೆರೆ ತಲುಪುವವರೆಗೂ ಅವಳು ಬಾಗಿಲ ಮೇಲಿನ ಹಿಡಿಯನ್ನು ಬಿಡಲೇ ಇಲ್ಲ. ಪ್ರತಿ ಹಂಪ್‌ಗೂ ಸೀಟಿನಿಂದ ಸ್ವಲ್ಪ ಎದ್ದು ಕೂರುತ್ತಿದ್ದಳು. ದರ್ಶನ ಮುಗಿಸಿ ಬಂದು ಕಾರಿನ ಬಾಗಿಲು ತೆಗೆದರೆ, "ನಾನು ಬಸ್ಸಲ್ಲೇ ಬರ್ತೀನಿ ಕಣಪ್ಪ, ನೀನು ಹೋಗು" ಅಂದಳು. ಬೈದಿದ್ದರೆ ಪರವಾಗಿರಲಿಲ್ಲ. ಸಮಾಧಾನವಾಗಿ ಹೇಳಿದಳು, ಅದಕ್ಕೇ ಮನಸ್ಸಿಗೆ ಚುಚ್ಚಿತು.

ಕಾರು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. 2022ರಲ್ಲಿ ಇಲ್ಲಿ ಪೋಲೋ ಮಾರಾಟ ನಿಂತ ಮೇಲೆ ಇದನ್ನು ಮಾರೋ ಯೋಚನೆಯೇ ನನಗಿಲ್ಲ. ದಿನಾ ಇದರಲ್ಲೇ ದಾಬಸ್‌ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಹಿಂದಿನ ಮಾಲೀಕರು ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಒಂದೇ ಸೆಟ್ಟಾಗಿ ಬರುವ, ಎತ್ತರ ಬದಲಾಯಿಸಬಹುದಾದ ಕಿಟ್) ಹಾಕಿಸಿ ಕಾರನ್ನು ತಗ್ಗಿಸಿದ್ದರು, ಜೊತೆಗೆ 17 ಇಂಚಿನ ಅಲಾಯ್. ನೋಡೋಕೆ ತುಂಬಾ ಚೆನ್ನಾಗಿತ್ತು. ಹೈವೇಯಲ್ಲಿ ಒಬ್ಬನೇ ಹೋಗುವಾಗ ಏನೂ ತೊಂದರೆ ಅನ್ನಿಸಿರಲಿಲ್ಲ. ಹಿಂದಿನ ಸೀಟಲ್ಲಿ ನಾನು ಒಂದು ದಿನವೂ ಕೂತಿರಲಿಲ್ಲ, ಅಷ್ಟೇ.

ಮಾರನೇ ಭಾನುವಾರ ತಮ್ಮನಿಗೆ ಕೀ ಕೊಟ್ಟು ನಾನು ಹಿಂದೆ ಕೂತೆ. ಹತ್ತು ನಿಮಿಷ ಸಾಕಾಯಿತು.

ಮೊದಲು ಮಾಡಿದ್ದು ಕಾಸಿಲ್ಲದ ಕೆಲಸ. ಕಾಯಿಲ್‌ಓವರ್ ಮೇಲೆ ಒಂದು ನಾಬ್ ಇರುತ್ತದಲ್ಲ, ಅದನ್ನು ನಾಲ್ಕೂ ಕಡೆ ಪೂರ್ತಿ ಮೆತ್ತಗೆ ತಿರುಗಿಸಿದೆ. ಚಿಕ್ಕ ಕುಲುಕಾಟ ಸ್ವಲ್ಪ ಕಮ್ಮಿಯಾಯಿತು. ಆದರೆ ಹಂಪ್ ದಾಟಿದ ಮೇಲೆ ಕಾರು ಇನ್ನೂ ಎರಡು ಮೂರು ಸಲ ಕುಣಿಯೋಕೆ ಶುರುವಾಯಿತು. ಅಮ್ಮನಿಗೆ ಈಗ ವಾಕರಿಕೆ. ಶಾಕ್ಸ್, ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಮೆತ್ತಗಾದ ತಕ್ಷಣ ಆರಾಮ ಬರೋದಿಲ್ಲ ಅಂತ ಆಗ ಗೊತ್ತಾಯಿತು. ನನ್ನ ಕಿಟ್‌ನಲ್ಲಿ ಆ ನಾಬ್ ಬದಲಾಯಿಸುತ್ತಿದ್ದದ್ದು ಮುಖ್ಯವಾಗಿ ರಿಬೌಂಡ್, ಅಂದರೆ ಒತ್ತಿದ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವ ವೇಗವನ್ನು. ಅದನ್ನು ಸಡಿಲ ಮಾಡಿದರೆ ಸ್ಪ್ರಿಂಗ್‌ಗೆ ಲಗಾಮು ಇರೋದಿಲ್ಲ. ಬಿಗಿ ಮಾಡಿದರೆ ಇನ್ನೊಂದು ಕಾಟ. ಟೋಲ್ ಹತ್ತಿರದ ರಂಬಲ್ ಸ್ಟ್ರಿಪ್ ಮೇಲೆ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿ ಬರುವಷ್ಟರಲ್ಲಿ ಚಕ್ರ ಪೂರ್ತಿ ಕೆಳಗೆ ಬಂದಿರೋದಿಲ್ಲ. ಹೀಗೆ ಪಟ್ಟಿ ಪಟ್ಟಿಗೂ ಕಾರು ಸ್ವಲ್ಪ ಸ್ವಲ್ಪ ಕುಸಿಯುತ್ತಾ ಹೋಗುತ್ತದೆ. ನನ್ನ ಕಾರು ಮೊದಲು ಮಾಡುತ್ತಿದ್ದದ್ದು ಇದನ್ನೇ.

ಆಮೇಲೆ ಒಂದು ಕೇಬಲ್ ಟೈ ತಂದೆ. ಯಾರೇ ಸಸ್ಪೆನ್ಷನ್ ಬಗ್ಗೆ ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ. ಮುಂದಿನ ಶಾಕ್‌ನ ಡಸ್ಟ್ ಕವರ್ ಮೇಲೆತ್ತಿ, ಒಳಗಿನ ರಾಡ್‌ಗೆ ಸಣ್ಣ ಟೈ ಕಟ್ಟಿ, ಶಾಕ್ ಬಾಡಿಗೆ ತಾಗುವ ಹಾಗೆ ಕೆಳಗೆ ತಳ್ಳಿದೆ. ಶಾಕ್ ಒತ್ತಿದಷ್ಟೂ ಟೈ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಕಾರು ಸಮತಟ್ಟಾಗಿ ನಿಂತಿದ್ದಾಗ ಅಲ್ಲಿಂದ ಬಂಪ್ ಸ್ಟಾಪರ್‌ಗೆ, ಅಂದರೆ ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್ ತುಂಡಿಗೆ, ಇದ್ದ ಜಾಗ ಬರೀ 28 ಮಿಲಿಮೀಟರ್. ಒಂದು ದಿನ ಓಡಿಸಿ ಬಂದು ನೋಡಿದರೆ ಟೈ ಸ್ಟಾಪರ್‌ವರೆಗೂ ಹೋಗಿ ಜಜ್ಜಿಹೋಗಿತ್ತು. ಅಮ್ಮನ ಬೆನ್ನಿಗೆ ಬಡಿಯುತ್ತಿದ್ದದ್ದು ಸ್ಪ್ರಿಂಗೇ ಅಲ್ಲ, ರಬ್ಬರ್ ಸ್ಟಾಪರ್. ಚಕ್ರಕ್ಕೆ ಮೇಲೆ ಹೋಗೋಕೆ ಜಾಗವೇ ಇರಲಿಲ್ಲ.

ನಮ್ಮ ಕಡೆ ಹಂಪ್‌ಗಳೂ ಹಾಗೇ ಇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ನಿಯಮದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದಾದ ಲೆಕ್ಕ ಅದು. ಹಳ್ಳಿ ಮುಂದೆ ರಾತ್ರೋರಾತ್ರಿ ಏಳುವ ಹಂಪ್ ಎತ್ತರದಲ್ಲಿ ಅಷ್ಟೇ ಇದ್ದರೂ ಅಗಲ ಒಂದು ಹೆಜ್ಜೆಯಷ್ಟು. ಮಕ್ಕಳು ರಸ್ತೆ ದಾಟೋ ಜಾಗ, ಅವರ ಭಯ ನನಗೆ ಅರ್ಥವಾಗುತ್ತದೆ. ಹಂಪ್ ಇರಲಿ, ಅದನ್ನು ನುಂಗೋ ಜಾಗ ನನ್ನ ಕಾರಿನಲ್ಲಿ ಇರಬೇಕು.

ಕಾಯಿಲ್‌ಓವರ್‌ನ ಕೆಳಗಿನ ರಿಂಗ್ ತಿರುಗಿಸಿ ಕಾರನ್ನು 20 ಮಿಲಿಮೀಟರ್ ಎತ್ತಿಸಿದೆ. ಮೇಲಿನ ಜಾಗ ಸಿಕ್ಕಿತು, ಕೆಳಗಿನ ಜಾಗ ಹೋಯಿತು. ಗುಂಡಿಗೆ ಚಕ್ರ ಇಳಿದರೆ ಶಾಕ್ ಪೂರ್ತಿ ಎಳೆದುಕೊಂಡು 'ಟಕ್' ಅನ್ನೋ ಸದ್ದು. ಶಾಕ್‌ನ ಒಟ್ಟು ಉದ್ದವೇ ಚಿಕ್ಕದು, ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಅಲ್ಲಿಗೆ ಕಾಯಿಲ್‌ಓವರ್ ತೆಗೆಸೋ ತೀರ್ಮಾನ ಮಾಡಿದೆ.

ಸ್ಪ್ರಿಂಗ್ ವಿಷಯ ಸ್ವಲ್ಪ ಓದಿಕೊಂಡೆ. ಆರಾಮದ ಕಾರಿನ ಬಾಡಿ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ತೂಗುತ್ತದೆ. ನಾವು ನಿಧಾನವಾಗಿ ನಡೆಯುವಾಗ ದೇಹ ಏಳುವ ಬೀಳುವ ಲಯಕ್ಕೆ ಅದು ಹತ್ತಿರ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಮೋರಿಸ್ ಓಲಿ ಅನ್ನೋ ಎಂಜಿನಿಯರ್ ಕಾರಿನ ಮುಂದೆ ಹಿಂದೆ ತೂಕ ಅದಲು ಬದಲು ಮಾಡಿ, ಓಡಿಸಿ ನೋಡಿ ಇನ್ನೊಂದು ವಿಷಯ ಕಂಡುಕೊಂಡರು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಸ್ವಲ್ಪ ನಿಧಾನವಾಗಿ ತೂಗಬೇಕು. ಹಂಪ್‌ಗೆ ಮೊದಲು ಹತ್ತೋದು ಮುಂದಿನ ಚಕ್ರ, ತಡವಾಗಿ ಹತ್ತುವ ಹಿಂದಿನದು ಬೇಗ ತೂಗಿ ಅದರ ಜೊತೆ ಸೇರಿಕೊಳ್ಳುತ್ತದೆ. ಆಗ ಕಾರು ಮುಗ್ಗರಿಸದೆ ಒಟ್ಟಿಗೆ ಏಳುತ್ತದೆ, ಇಳಿಯುತ್ತದೆ. ಕಂಪನಿಯವರು ಈ ಲೆಕ್ಕವನ್ನೆಲ್ಲ ಹಾಕಿಯೇ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಇನ್ನು ಕೂತ ಮನುಷ್ಯನ ದೇಹಕ್ಕೆ ಮೇಲೆ ಕೆಳಗಿನ ಕುಲುಕಾಟದಲ್ಲಿ ಜಾಸ್ತಿ ತಟ್ಟೋದು ಸೆಕೆಂಡಿಗೆ 4ರಿಂದ 8 ಸಲದ್ದು. ಬಿಗಿ ಸ್ಪ್ರಿಂಗ್, ತೆಳು ಟೈರ್, ಸ್ಟಾಪರ್ ಹೊಡೆತ ಎಲ್ಲ ಸೇರಿ ಆ ಕಡೆಗೇ ತಳ್ಳುತ್ತವೆ.

ಟೈರ್ ಲೆಕ್ಕ ಸುಲಭ. ನನ್ನ ಹತ್ತಿರ ಇದ್ದದ್ದು 215/40 ಆರ್17, ಅಂದರೆ 215 ಮಿಲಿಮೀಟರ್ ಅಗಲದ ಟೈರ್, 17 ಇಂಚಿನ ರಿಮ್. ಸೈಡ್‌ವಾಲ್ (ರಿಮ್‌ನಿಂದ ನೆಲದವರೆಗಿನ ಟೈರ್ ಭಾಗ) ಎತ್ತರ 215ರಲ್ಲಿ ಶೇಕಡ 40, ಅಂದರೆ 86 ಮಿಲಿಮೀಟರ್. ಮೂಲ ಅಳತೆ 185/60 ಆರ್15ರಲ್ಲಿ 111 ಮಿಲಿಮೀಟರ್. ಚಕ್ರದ ಒಟ್ಟು ಎತ್ತರ ಎರಡರಲ್ಲೂ ಹತ್ತಿರ ಹತ್ತಿರ 603, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸೋದಿಲ್ಲ. 15 ಇಂಚಿಗೇ ವಾಪಸ್ ಬಂದೆ, 25 ಮಿಲಿಮೀಟರ್ ಜಾಸ್ತಿ ರಬ್ಬರ್ ಮತ್ತು ಗಾಳಿ ಸಿಕ್ಕ ಹಾಗಾಯಿತು. ಮೇಲಾಗಿ ಚಕ್ರದ ತೂಕವೂ ಇಳಿಯುತ್ತದೆ. ಹಗುರ ಚಕ್ರವನ್ನು ಶಾಕ್ಸ್ ಸುಲಭವಾಗಿ ಹಿಡಿಯುತ್ತವೆ. ಕಾರಿನ ಸ್ಟಿಕ್ಕರ್‌ನಲ್ಲಿ ಕಂಪನಿ ಬರೆದ ಪ್ರೆಷರನ್ನೇ ಇಡುತ್ತೇನೆ, ಟೈರ್ ತಣ್ಣಗಿದ್ದಾಗ ನೋಡಿ. 17 ಇಂಚಿನಲ್ಲಿ ರಿಮ್ ಬಾಗುತ್ತದೆ ಅಂತ ಹೆದರಿ ಜಾಸ್ತಿ ಗಾಳಿ ತುಂಬಿಸುತ್ತಿದ್ದೆ, ಅದೂ ಒಂದು ಕಾಟ ಕೊಟ್ಟಿತ್ತು.

ಶಾಕ್ಸ್ ಆರಿಸೋಕೆ ತಿಂಗಳು ಹಿಡಿಯಿತು. ಬಿಲ್‌ಸ್ಟೈನ್ ಕಂಪನಿಯ ಶಾಕ್ಸ್‌ನಲ್ಲಿ ಬಿ4 ಅಂದರೆ ಮೂಲದಂಥದ್ದು, ಬಿ6 ಮೂಲ ಎತ್ತರಕ್ಕೆ ಬಿಗಿಯಾದದ್ದು, ಬಿ8 ತಗ್ಗಿಸಿದ ಕಾರಿಗೆ ಚಿಕ್ಕದು. ತಗ್ಗಿಸೋದೇ ಬೇಡ ಅಂದ ಮೇಲೆ ಬಿ8 ಬಿಟ್ಟೆ. ಬಿ6 ಹಾಕಿದ ಸ್ನೇಹಿತನ ಕಾರಲ್ಲಿ ಹಿಂದೆ ಕೂತು ಸಿರಾವರೆಗೆ ಹೋಗಿ ಬಂದೆ. ಹಿಡಿತ ಬಹಳ ಚೆನ್ನಾಗಿದೆ. ಒಬ್ಬನೇ ಓಡಿಸೋದಾಗಿದ್ದರೆ ಅದನ್ನೇ ಹಾಕಿಸುತ್ತಿದ್ದೆ. ಕೊನೆಗೆ ಆರಿಸಿದ್ದು ಕೋನಿ ಕಂಪನಿಯ ಸ್ಪೆಷಲ್ ಆ್ಯಕ್ಟಿವ್. ಅದರೊಳಗೆ ಇನ್ನೊಂದು ವಾಲ್ವ್ ಇದೆ. ತಿರುವಿನಲ್ಲಿ, ಬ್ರೇಕ್ ಹಿಡಿದಾಗ ಬಾಡಿ ನಿಧಾನವಾಗಿ ಓಲಾಡಿದರೆ ಶಾಕ್ ಬಿಗಿಯಾಗೇ ಇರುತ್ತದೆ. ಕೆಟ್ಟ ಡಾಂಬರಿನ ಮೇಲೆ ಚಕ್ರ ವೇಗವಾಗಿ ನಡುಗಿದರೆ ಆ ವಾಲ್ವ್ ಎಣ್ಣೆಗೆ ಬೇರೆ ದಾರಿ ಬಿಡುತ್ತದೆ, ಶಾಕ್ ಸಡಿಲವಾಗುತ್ತದೆ. ಸ್ಪೋರ್ಟಿ ಕಾರಿನಲ್ಲಿ ಹೆತ್ತವರನ್ನು ಕೂರಿಸಿಕೊಂಡು ಹೋಗೋರಿಗೆ ಇದು ಸರಿಯಾದ ಆಯ್ಕೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೂಲ ಸ್ಪ್ರಿಂಗ್ ಹುಡುಕೋವಾಗ ಎಚ್ಚರ. ಒಂದು ಅಂಗಡಿಯಲ್ಲಿ ಡೀಸೆಲ್ ಪೋಲೋದ ಸ್ಪ್ರಿಂಗ್ ಕೊಡೋಕೆ ಬಂದರು, "ಎಲ್ಲಾ ಒಂದೇ ಸರ್" ಅಂದರು. ಒಂದೇ ಅಲ್ಲ. ಡೀಸೆಲ್ ಎಂಜಿನ್ ಭಾರ, ಸ್ಪ್ರಿಂಗೂ ಅದಕ್ಕೆ ತಕ್ಕ ಹಾಗೆ. ಪಾರ್ಟ್ ನಂಬರ್, ಸ್ಪ್ರಿಂಗ್ ಮೇಲಿನ ಬಣ್ಣದ ಗುರುತು ಎರಡನ್ನೂ ನೋಡಿ ತಗೊಳ್ಳಬೇಕು. ಜೊತೆಗೆ ಹೊಸ ಬಂಪ್ ಸ್ಟಾಪರ್, ಸ್ಟ್ರಟ್ ಮೌಂಟ್, ಬೇರಿಂಗ್, ಲೋಯರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ಕೆಳಗಿನ ತೋಳಿನ ಕೀಲಿನ ರಬ್ಬರ್) ತಂದೆ. ಹಳೇ ಸ್ಟಾಪರನ್ನು ಯಾರೋ ಅರ್ಧಕ್ಕೆ ಕತ್ತರಿಸಿದ್ದರು.

ಫಿಟ್ಟಿಂಗ್ ದಿನ ನಾನು ಗ್ಯಾರೇಜಿನಲ್ಲೇ ನಿಂತಿದ್ದೆ. ಒಂದೇ ಒಂದು ಮಾತು ಹಟ ಹಿಡಿದು ಹೇಳಿದೆ. "ಅಣ್ಣ, ಬುಷ್ ಬೋಲ್ಟ್ ಈಗ ಟೈಟ್ ಮಾಡಬೇಡಿ. ಚಕ್ರ ನೆಲಕ್ಕೆ ಬಂದ ಮೇಲೆ ಮಾಡೋಣ." ಕಾರನ್ನು ಎತ್ತಿದಾಗ ಲೋಯರ್ ಆರ್ಮ್ ಕೆಳಗೆ ಜೋತಿರುತ್ತದೆ. ಆಗ ಬಿಗಿದರೆ ಕಾರು ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಸವಾರಿಯೂ ಗಟ್ಟಿ, ಬುಷ್ ಬೇಗ ಹರಿಯುತ್ತದೆ. ಮೆಕ್ಯಾನಿಕ್ ಅಣ್ಣ ಒಪ್ಪಿದರು. ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಒತ್ತಿ, ಗ್ಯಾರೇಜಿನ ಸರ್ವಿಸ್ ಗುಂಡಿಯೊಳಗೆ ಇಳಿದು ಬಿಗಿದರು. ಚಕ್ರದ ಅಲೈನ್‌ಮೆಂಟನ್ನು ಒಂದು ವಾರ ಓಡಿಸಿದ ಮೇಲೆ ಮಾಡಿಸಿದೆ, ಹೆಡ್‌ಲೈಟ್ ಎತ್ತರವನ್ನೂ ಸರಿ ಮಾಡಿಸಿದೆ. ಕಾರು ಎತ್ತರವಾದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮತ್ತೆ ಕೇಬಲ್ ಟೈ ಕಟ್ಟಿ ಅದೇ ಹಂಪ್, ಅದೇ ವೇಗ. ಈ ಸಲ ಟೈ ಸ್ಟಾಪರ್‌ಗಿಂತ 30 ಮಿಲಿಮೀಟರ್ ಮೊದಲೇ ನಿಂತಿತು. ದೇವರಾಯನದುರ್ಗದ ಘಾಟಿಯಲ್ಲಿ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತದೆ, ನಿಜ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುವ ಚುರುಕು ಒಂದು ಪಾಲು ಕಮ್ಮಿಯಾಗಿದೆ. ಆದರೆ ನಾಮದ ಚಿಲುಮೆ ಕಡೆಯ ರಸ್ತೆಯಲ್ಲಿ, ತೇಪೆ ಹಾಕಿದ ತಿರುವುಗಳಲ್ಲಿ, ಮೊದಲು ಹಿಂದಿನ ಚಕ್ರ ಜಿಗಿದು ಪಕ್ಕಕ್ಕೆ ಸರಿಯುತ್ತಿತ್ತು. ಈಗ ಡಾಂಬರ್ ಬಿಡೋದಿಲ್ಲ. ನೆಲ ಬಿಟ್ಟ ಟೈರ್ ಹಿಡಿತ ಕೊಡೋದಿಲ್ಲ, ಅಲ್ವಾ? ಅಲ್ಲಿ ನಾನು ಮೊದಲಿಗಿಂತ ಧೈರ್ಯವಾಗಿ ಓಡಿಸುತ್ತೇನೆ.

ಕಳೆದ ತಿಂಗಳು ಗೊರವನಹಳ್ಳಿಗೆ ಮತ್ತೆ ಹೋದೆವು. ಕೊರಟಗೆರೆ ಹತ್ತಿರ ಕನ್ನಡಿಯಲ್ಲಿ ನೋಡಿದೆ. ಅಮ್ಮನ ಎರಡೂ ಕೈ ತೊಡೆ ಮೇಲಿದ್ದ ಹೂವಿನ ಬುಟ್ಟಿಯ ಮೇಲಿದ್ದವು.

ಹಿಂದಿನ ಆ್ಯಕ್ಸಲ್ ಬೀಮ್‌ನ ಬುಷ್ ಇನ್ನೂ ಹಳೇದೇ. ಬೆಳಗ್ಗೆ ತಣ್ಣಗಿದ್ದಾಗ ನಮ್ಮ ಬೀದಿ ತಿರುವಿನಲ್ಲಿ ಸಣ್ಣಗೆ ಕಿರ್ ಅನ್ನುತ್ತದೆ. ದೀಪಾವಳಿ ರಜೆಯಲ್ಲಿ ಅದನ್ನು ಬದಲಾಯಿಸೋಣ ಅಂತ ಮೆಕ್ಯಾನಿಕ್ ಅಣ್ಣನಿಗೆ ಹೇಳಿಟ್ಟಿದ್ದೇನೆ.